ಮೂರಾಣೆ ಬಾಕಿ

ತವಂದಿ ಘಟ್ಟ ಇಳಿದು ಬಂದವರಿಗೆ
ಮೊದಲು ಸಿಗುವ ಕಲ್ಲಿನ ಪಡಸಾಲೆ ನಮ್ಮದು.
ಈಗ ಮೇಲೆ ಹೈವೇ. ನಾವು ಸರ್ವಿಸ್ ರೋಡಿಗೂ ಕೆಳಗೆ,
ಮಳೆನೀರು ಮಾತ್ರ ನಮ್ಮನ್ನು ಮಾತಾಡಿಸಿ ಮುಂದೆ ಹೋಗುತ್ತದೆ.

ಟಪಾಲು ಟಾಂಗಾ ಇಲ್ಲಿ ಕುದುರೆ ಬದಲಿಸುತ್ತಿತ್ತು.
ಬೆವರಿದ ಜೋಡಿ ಬಿಚ್ಚಿ ಹೊಸ ಜೋಡಿ ಕಟ್ಟುವಷ್ಟರಲ್ಲಿ
ಎರಡು ರೊಟ್ಟಿ ಮುರಿಯಬೇಕು, ಒಂದು ಚೆಂಬು ಮಜ್ಜಿಗೆ ಇಳಿಯಬೇಕು.
ನನ್ನ ಮುತ್ತಜ್ಜಿ ಬಾಳವ್ವ
ದೂರದ ಗೆಜ್ಜೆಸಪ್ಪಳ ಕೇಳಿಯೇ ಹಂಚಿಡುವಳಂತೆ.
ಗೆಜ್ಜೆ ಎಷ್ಟು ದಣಿದಿದೆಯೋ ಅಷ್ಟು ಹಿಟ್ಟು.

ಯಾವೂರು, ಯಾವ ಮಂದಿ ಎಂದು ಕೇಳುವುದು
ನೀರು ಕೊಟ್ಟ ಮೇಲೆ.
ಎಲ್ಲರಿಗೂ ಒಂದೇ ಚೆಂಬು ಅಂದರೆ ಸುಳ್ಳಾದೀತು:
ಹೊರಗಿನ ಕಟ್ಟೆಗೆ ಬೇರೆ ಮಗೆ ಇತ್ತು.
ಅದನ್ನು ನೇತುಹಾಕುತ್ತಿದ್ದ ಮೊಳೆ ಇನ್ನೂ ಇದೆ.
ಅಜ್ಜ ಕೀಳಲು ಹೋಗಿ ಕೈ ಕೊಯ್ದುಕೊಂಡ.

ಅಕ್ಷರ ಬಾರದ ಬಾಳವ್ವನ ಖಾತೆ, ಉಗ್ರಾಣದ ಗೋಡೆ.
ಇದ್ದಿಲಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗುರುತು:
ತಂಬಾಕಿನ ಗಾಡಿಯವನಿಗೆ ಎಲೆ,
ಬಳೆಗಾರನಿಗೆ ಸೊನ್ನೆ,
ಹೆಸರು ಹೇಳದೆ ಅತ್ತು, ಉಂಡು, ಹೋದವಳಿಗೆ
ಬರೀ ಚುಕ್ಕೆ.
ಟಾಂಗಾದ ದಸ್ತಗೀರನಿಗೆ ಲಾಳ,
ಲಾಳದ ಪಕ್ಕ ಮೂರು ಗೀಟು.
ಘಟ್ಟ ಹತ್ತಿದವನು ತಿರುಗಿ ಬರಲಿಲ್ಲ. ಬಂದದ್ದು ಮೋಟಾರು.

ದಸರೆಗೆ ಸುಣ್ಣ ಬಳಿವಾಗ
ಅದೊಂದು ಗೋಡೆ ಬಿಡುತ್ತೇವೆ.

ಹೋದ ಮಾಘದಲ್ಲಿ ಕಬ್ಬಿನ ಲಾರಿ ನಿಂತಿತು.
ಇಳಿದವನು ಮಿರಜದ ಕಡೆಯವನು, ಮೌಲಾಲಿ.
“ನಮ್ಮ ಮುತ್ಯಾ ಸಾಯೂ ಮುಂದ ಹೇಳಿದ್ನಂತ್ರಿ,
ಘಟ್ಟದ ಬುಡಕ ಮೂರಾಣೆ ಕೊಡೂದೈತಿ ಅಂತ.”

ಮೊಬೈಲಿನ ಬೆಳಕು ಹಿಡಿದೆ.
ಅವನು ಲಾಳವನ್ನು ಮುಟ್ಟಿದ,
ಇಷ್ಟು ವರ್ಷದ ಮೇಲೂ ಬೆರಳಿಗೆ ಮಸಿ ಹತ್ತಿತು.

ಐನೂರರ ನೋಟು ತೆಗೆದ.
“ಚಿಲ್ಲರೆ ಇಲ್ರಿ,” ಅಂದೆ. ಇತ್ತು.
ಫೋನಿನಲ್ಲಿ ಹಾಕಲೇ ಎಂದ,
ರೂಪಾಯಿಗಿಂತ ಕಡಿಮೆ ಅದು ಒಪ್ಪಲಿಲ್ಲ.
“ಮೊದಲ ಕೈ ತೊಳೀರಿ.”
ರೊಟ್ಟಿ, ಗುರೆಳ್ಳ ಹಿಂಡಿ, ಗುದ್ದಿದ ಉಳ್ಳಾಗಡ್ಡಿ.
ಎಂಜಿನ್ ಆರಿಸದೆ ಬಂದಿದ್ದವನು
ಎರಡನೆಯ ತುತ್ತಿಗೆ ಎದ್ದುಹೋಗಿ ಆರಿಸಿ ಬಂದ.
ಆಮೇಲೆ ಹಾದಿಯ ಮಾತು. ಕಾರ್ಖಾನೆಯ ಸರದಿ,
ಅವನ ಮಗಳ ಹಲ್ಲುನೋವು,
ಕುದುರೆಗೆ ಘಟ್ಟ ಹೆಚ್ಚೋ ಲಾರಿಗೆ ಹೆಚ್ಚೋ.

ಹೊರಡುವಾಗ ಅವನೇ
ಒಲೆಯಿಂದ ಆರಿದ ಇದ್ದಿಲೊಂದನ್ನು ಎತ್ತಿಕೊಂಡು ಒಳಗೆ ಹೋದ.
ಲಾಳದ ಪಕ್ಕ ಈಗ ನಾಲ್ಕು ಗೀಟು.
ನಾಲ್ಕನೆಯದು ತುಸು ಸೊಟ್ಟ.
ಇರಲಿ.