ಸೆಕೆಂಡ್ ಶೋ

ಥಾಯ್ ದೇಶದ ದೆವ್ವಕ್ಕೆ ಮಂಡ್ಯದಲ್ಲಿ
ಒಟ್ಟು ಹನ್ನೊಂದು ಜನ.
ಅದರಲ್ಲಿ ಒಬ್ಬನಿಗೆ ಆಗಲೇ ನಿದ್ದೆ,
ಮೂಲೆಯ ಜೋಡಿಗೆ ಪರದೆಯ ಹಂಗಿಲ್ಲ,
ನಾನು, ಮತ್ತೆ ನಮ್ಮ ಶಶಿರೇಖಕ್ಕ.
ಮಾಟದ ಪಿಚ್ಚರಂತೆ, ಸೇಡಂತೆ, ಬಾರೇ ಎಂದು
ಟಿಕೆಟ್ಟಿಗೂ ತಾನೇ ಕೊಟ್ಟು ಕರೆತಂದವಳು.

ಅವರ ಮಾತು ನಮಗಿಬ್ಬರಿಗೂ ಬಾರದು.
ಕೆಳಗೆ ಓಡುವ ಇಂಗ್ಲಿಷ್ ಅಕ್ಷರ ಅಕ್ಕನಿಗೆ ಬಾರದು.
ಕೋರ್ಟಿನ ಮುಂದೆ ಟೈಪು ಕುಟ್ಟುವ ನಾನು
ಅವಳ ಕಿವಿಯಲ್ಲಿ ಕನ್ನಡ ಮಾಡುತ್ತಿದ್ದೆ:
'ನನ್ ಗಂಡನ್ನ ಕಿತ್ಕೊಂಡೋಳು ಉಳೀಬಾರ್ದು ಅಂತಾವ್ಳೆ.'
'ಗಂಡನ್ ಇಸ್ಯ ಬುಡು. ಆ ಎಣ್ಣೆಗೆ
ಏನೇನ್ ಹಾಕ್ತಾನೆ, ಅದ್ ನೋಡು.'

ಎಣ್ಣೆ ಕಪ್ಪಗಿತ್ತು, ಬೋಂಡದ ಬಾಣಲೆಗಿಂತ ಕಪ್ಪೇನಲ್ಲ.
ಮಂತ್ರವಾದಿಗೆ ಮೈತುಂಬ ಹಚ್ಚೆ.
ಕೂದಲು ಸುಟ್ಟ, ಉಗುರು ಸುಟ್ಟ, ಫೋಟೋ ಚುಚ್ಚಿದ,
ಐದೇ ನಿಮಿಷ,
ಅತ್ತ ಅವಳು ಕನ್ನಡಿಯ ಮುಂದೆ ಹುಳ ಕಾರಿ ಸತ್ತಳು.
ದೆವ್ವವೂ ಬಂತು, ಪೌಡರ್ ಡಬ್ಬಿ ಮುಖಕ್ಕೆ ಸುರಿದುಕೊಂಡು;
ಅದು ಬರುವ ಮೊದಲೇ ಪಿಟೀಲು ಕಿರುಚಿ ಹೇಳಿಬಿಡುತ್ತಿತ್ತು
ಬಂದೆ, ಬಂದೆ ಎಂದು.

'ಇಷ್ಟೇಯಾ?' ಅಂದಳು ಅಕ್ಕ.
'ಯಾಕ್ ಸಾಯ್ತಾ ಇವ್ನಿ ಅಂತ ಸಾಯೋಳ್ಗೇ ಗೊತ್ತಾಗ್ನಿಲ್ವಲ್ಲೆ.
ಮುಂದ್ಕೆ ನಿಂತ್ಕಂಡು, ಇದು ಅದ್ಕೆ ಕಣೆ ಅಂತ
ಒಂದ್ ಮಾತಾದ್ರೂ ಅನ್ಬೇಡ್ವಾ?
ಅಡ್ರೆಸ್ ಬರೀದೆ ಡಬ್ಬಕ್ ಹಾಕಿದ್ ಕಾಗ್ದ ಇದು.'

ಅಕ್ಕನ ಚೀಟಿ ದುಡ್ಡು ಒಂದು ಲಕ್ಷ ಎಂಬತ್ತು ಸಾವಿರ
ಎದುರುಮನೆ ಗೌರಮಣಿಯ ಹತ್ತಿರ ಮುಳುಗಿ
ಹದಿನಾಲ್ಕು ತಿಂಗಳು.
ದೂರು ಟೈಪಿಸಿದವಳು ನಾನೇ:
'ಸದರಿ ಆರೋಪಿಯು ನಂಬಿಸಿ ಮೋಸ ಮಾಡಿದ್ದು ಇರುತ್ತದೆ.'
ನನ್ನ ಮಂತ್ರಕ್ಕೆ ವಾಯಿದೆಯ ಮೇಲೆ ವಾಯಿದೆ.
ಅದಕ್ಕೇ ಅವಳು ನನಗೂ ಹೇಳದೆ
ಕೊಳ್ಳೇಗಾಲದ ಬಸ್ಸು ಹತ್ತಿದ್ದು.

ಇಂಟರ್ವಲ್ಲಿನಲ್ಲಿ, ಆರಿದ ಪಫ್ಸು ಒಂದು ಕೈಯಲ್ಲಿ,
ಇನ್ನೊಂದರಲ್ಲಿ ಪರ್ಸಿನಿಂದ ಅದನ್ನು ತೆಗೆದಳು:
ಕುಂಕುಮ ಮೆತ್ತಿದ ನಿಂಬೆ, ಏಳು ಗುಂಡುಸೂಜಿ.
'ಬಸ್ಸು ಫ್ರೀ. ಇದ್ಕೆ ಮೂರೂವರೆ ಸಾವ್ರ.
ಅಮಾಸೆ ರಾತ್ರಿ ಅವಳ್ ಬಾಕ್ಲಲ್ಲಿ ಹೂಳು ಅಂದ.
ವೋದೆ ಕಣೆ, ಸಾರಿನ್ ಸೌಟು ಹಿಡ್ಕಂಡು.
ಮನೆ ಮುಂದೆ ಪೂರ್ತಿ ಇಂಟರ್‌ಲಾಕ್ ಟೈಲ್ಸು,
ನಮ್ ಚೀಟಿ ದುಡ್ಡಲ್ಲೇ ಹಾಕ್ಸಿರೋದು,
ಒಂದ್ ಹಿಡಿ ಮಣ್ಣಿಲ್ಲ.
ಅವಳ್ ನಾಯಿ ಬಂದು ಕೈ ನೆಕ್ತು.'

ನಿಂಬೆ ಒಣಗಿ ಕಲ್ಲಾಗಿತ್ತು.
ಅಲ್ಲಾಡಿಸಿದರೆ ಒಳಗೆ ಬೀಜ ಗಿಲಗಿಲ.
ಟೀ ಮಾರುವ ಹುಡುಗ ನೋಡಿದನೆಂದು
ಮತ್ತೆ ಪರ್ಸಿಗೆ ಹಾಕಿಕೊಂಡಳು.

ಉಳಿದರ್ಧದಲ್ಲಿ ಎಲ್ಲರೂ ಸತ್ತರು.
ಮಾಡಿಸಿದವಳು, ಮಾಡಿದವನು, ಪೊಲೀಸಿನವನು, ಒಂದು ಬೆಕ್ಕು.
ನಾನು ಕನ್ನಡ ಮಾಡುವುದನ್ನು ನಿಲ್ಲಿಸಿದ್ದೆ,
ಅಕ್ಕ ಕೇಳಲೂ ಇಲ್ಲ.

ಹೊರಗೆ ಸಕ್ಕರೆ ಕಾರ್ಖಾನೆಯ ಹುಳಿಬೆಲ್ಲದ ವಾಸನೆ
ಗುತ್ತಲು ರಸ್ತೆಯುದ್ದಕ್ಕೂ ನಮ್ಮ ಜೊತೆ ನಡೆಯಿತು.
ಲೋಡಿನ ಟ್ರಾಕ್ಟರಿನಿಂದ ಬಿದ್ದ ಕಬ್ಬಿನ ಜಲ್ಲೆಯನ್ನು
ಅಕ್ಕ ಎತ್ತಿಕೊಂಡಳು, ಸ್ವಲ್ಪ ದೂರ ಹೊತ್ತಳು,
ಯಾಕೋ ಬಿಸಾಡಿದಳು.

ನಮ್ಮ ಬೀದಿಯಲ್ಲಿ ಎದುರುಮನೆಗೆ ಮಾತ್ರ ದೀಪ.
ಗೌರಮಣಿ ಜಗಲಿಯ ಮೇಲೆ ಕೂತಿದ್ದಳು,
ತಲೆ ಬಾಚದೆ, ಮೊಣಕಾಲು ಅಪ್ಪಿಕೊಂಡು.
ಅಷ್ಟು ಚೆನ್ನಾಗಿ ಕೂರಲು
ಆ ಪಿಚ್ಚರಿನ ಯಾವ ದೆವ್ವಕ್ಕೂ ಬಂದಿರಲಿಲ್ಲ.

'ಪಿಚ್ಚರ್‌ಗಾ?' ಅಂದಳು, ಗಂಟಲು ಕಟ್ಟಿದ ದನಿ.
'ಹೆಂಗಿತ್ತು?'

ಅಕ್ಕ ನಿಂತಳು.
ಪರ್ಸಿನ ಜಿಪ್ಪಿನ ಮೇಲೆ ಅವಳ ಹೆಬ್ಬೆರಳು.
ಹದಿನಾಲ್ಕು ತಿಂಗಳ ಮೇಲೆ ಮೊದಲ ಮಾತು:
'ಕಾಸು ದಂಡ ಕಣೆ.'

ಗೌರಮಣಿ ತಲೆ ತಗ್ಗಿಸಿದಳೋ, ತೂಗಿದಳೋ,
ಆ ಬೆಳಕಿನಲ್ಲಿ ತಿಳಿಯಲಿಲ್ಲ.
ನಮ್ಮ ಬಾಗಿಲಲ್ಲಿ ಬೀಗದ ಕೈಗಾಗಿ
ಅಕ್ಕ ಪರ್ಸು ತಡಕಾಡುತ್ತಿದ್ದಳು,
ಒಳಗೆ ಬೀಜ
ಗಿಲಗಿಲ ಅನ್ನುತ್ತಿತ್ತು.