ಎರಡೂವರೆ ಕಿಲೋ

ಹೋಗುವಾಗ ಎಂಡೆಲ್ ಅಕಾರ್ಡಿಯನ್ ಒಯ್ದ,
ಮೀನುಬಲೆ ಮರೆತ,
ಕೆಂಪು ಕಾವಿನ ಕೊಡಲಿಯನ್ನು ಮರೆಯಲಿಲ್ಲ.
ಅಂಗಳದಲ್ಲಿ ಉಳಿದದ್ದು ಎರಡು ಟ್ರ್ಯಾಕ್ಟರ್ ಬರ್ಚ್ ಕೊರಡು,
ಗರಗಸ ಕಂಡದ್ದು, ಕೊಡಲಿ ಕಾಣದ್ದು.
ಈ ಚಳಿಗೆ ಶೆಡ್ಡಿನಲ್ಲಿ ಸೌದೆಯಿತ್ತು. ಇವು ಮುಂದಿನ ಚಳಿಯವು,
ಸೀಳದೆ ಬಿಟ್ಟರೆ
ತೊಗಟೆಯೊಳಗೇ ಸದ್ದಿಲ್ಲದೆ ಕೊಳೆಯುವ ಜಾತಿ.
ವೊರು ಸೀಮೆಯ ಹಿಮ
ಯಾರ ಸಂಸಾರದ ಕತೆಯನ್ನೂ ಕೇಳುವುದಿಲ್ಲ.

ವಾಲ್ದುರನ ಅಂಗಡಿಗೆ ಹೋದೆ.
ಮೊಳೆ, ಹಗ್ಗ, ಇಲಿಬೋನುಗಳ ಹಿಂದೆ
ಗೋಡೆಗೊರಗಿ ನಿಂತಿದ್ದವು,
ತರಗತಿಯಿಂದ ಹೊರಹಾಕಿದ ಹುಡುಗರ ಹಾಗೆ.
ಎಲ್ಲಕ್ಕಿಂತ ದೊಡ್ಡದಕ್ಕೆ ಕೈ ಹಾಕಿದೆ, ನಾಲ್ಕು ಕಿಲೋ.
"ಇದನ್ನು ಕೊಳ್ಳುವುದು ಸಿಟ್ಟು," ಅಂದ ವಾಲ್ದುರ್,
"ಹತ್ತನೆಯ ಏಟಿಗೆ ಸಿಟ್ಟು ಮನೆಗೆ ಹೋಗುತ್ತದೆ,
ಭುಜ ಅಲ್ಲೇ ನಿಂತಿರುತ್ತದೆ."

ಅವನು ಕೊಟ್ಟದ್ದು ಎರಡೂವರೆ ಕಿಲೋದ್ದು.
ಬಾಯಿ ಸಣ್ಣದು, ಕೆನ್ನೆ ಉಬ್ಬಿದ್ದು,
ರೊಟ್ಟಿ ತುರುಕಿಕೊಂಡ ಮಗುವಿನ ಹಾಗೆ.
ಮರ ಕಡಿಯುವುದು ಬೇರೆ, ಸೌದೆ ಸೀಳುವುದು ಬೇರೆ, ಅಂದ.
ಅದು ಕಚ್ಚುತ್ತದೆ, ಕಚ್ಚಿದ್ದನ್ನು ಬಿಡುವುದಿಲ್ಲ.
ಇದು ಹೊಕ್ಕು ಎರಡೂ ಕಡೆಗೆ ನೂಕುತ್ತದೆ, ಬೆಣೆಯ ಹಾಗೆ.
(ಯಾರನ್ನೋ ನೆನೆದೆ, ಹೇಳಲಿಲ್ಲ.)
ಕಾವಿನ ತುದಿಯನ್ನು ಕಣ್ಣಿಗೆ ಹಿಡಿದು ತೋರಿಸಿದ:
ಮರದ ಎಳೆ ಅಲಗಿನ ದಿಕ್ಕಿಗೇ ಓಡಬೇಕು,
ಅಡ್ಡ ಓಡಿದರೆ ಮೊದಲ ತಪ್ಪೇಟಿಗೆ ಮುರಿಯುತ್ತದೆ.
ಉದ್ದವಿರಲಿ. ಗಿಡ್ಡ ಕಾವಿನದು ಗುರಿ ತಪ್ಪಿದರೆ
ನೆಲ ಹುಡುಕುವುದಿಲ್ಲ, ಮೊಳಕಾಲು ಹುಡುಕುತ್ತದೆ.
ಬಣ್ಣ ಬಳಿದದ್ದು ಮಾತ್ರ ಬೇಡ,
ಕೆಳಗೇನಿದೆಯೋ ಯಾರು ಬಲ್ಲರು.

ಕೊಡಲಿ ಕಾವು ಕುಲಕ್ಕೆ ಮೃತ್ಯು ಅನ್ನುತ್ತಾರೆ.
ಆಶ್ ಮರದ ಈ ಕಾವಿಗೆ ಬರ್ಚ್ ಯಾವ ಕಡೆಯ ನೆಂಟ?
ಅದನ್ನು ಮರಗಳೇ ಹೇಳಬೇಕು.
ನಾನು ಐವತ್ತೆಂಟು ಯೂರೋ ಎಣಿಸಿದೆ, ಚಿಲ್ಲರೆ ಸಮೇತ.

ಮೊದಲ ದಿನ ನಟ್ಟನಡುವೆ ಹೊಡೆದೆ.
ಪುಟಿಯಿತು. ಹಲ್ಲು ಜುಮ್ಮೆಂದಿತು.
ಎರಡನೆಯದು ಬದಿಗೆ ಜಾರಿ ಮಣ್ಣಿಗೆ ಹೋಯಿತು.
ಆಚೆ ಮನೆಯ ಮೈಮು ಪರದೆ ಸರಿಸಿದಳು, ಮತ್ತೆ ಮುಚ್ಚಿದಳು,
ದಯೆಯೋ, ನಗೆಯೋ.

ಆಮೇಲೆ ಓದಲು ಕಲಿತೆ.
ಪ್ರತಿ ಕೊರಡಿನ ಮುಖದ ಮೇಲೂ ಕೂದಲೆಳೆಯ ಬಿರುಕು,
ಎಲ್ಲಿ ಬಿಟ್ಟುಕೊಡುತ್ತೇನೆಂದು ಅದೇ ಬರೆದುಕೊಟ್ಟ ಕಾಗದ.
ದಪ್ಪದ್ದಾದರೆ ಅಂಚಿನಿಂದ ಶುರು, ಸುತ್ತ ಸುತ್ತ,
ಬಿಸಿ ಗಂಜಿ ಉಣ್ಣುವ ಹಾಗೆ.
ಗಿಣ್ಣು ಕೆಳಗಿರಲಿ.
ಏಟು ಇಳಿಯುವಾಗ ಮಂಡಿಯೂ ಇಳಿಯಲಿ.
ಎತ್ತುವುದಷ್ಟೇ ನನ್ನದು, ಬೀಳುವುದು ಅದರದ್ದು.

ಡಿಸೆಂಬರಿನಲ್ಲಿ ಮೈನಸ್ ಹದಿನೆಂಟು.
ಚಳಿ ಯಾರ ಪಕ್ಷವೆಂದು ಆವತ್ತು ತಿಳಿಯಿತು.
ಹಸಿ ಬರ್ಚಿನೊಳಗಿನ ನೀರು ಗಾಜಾಗಿತ್ತು,
ಅಲಗು ಮುಟ್ಟಿದರೆ ಸಾಕು, ಟಪ್ಪೆಂದು
ತೆರೆದು ಬೀಳುತ್ತಿದ್ದವು ಎರಡು ಬಿಳಿ ಪುಟ,
ಕಲ್ಲಂಗಡಿಯ ಸಿಪ್ಪೆಯಂಥ ತಣ್ಣನೆಯ ವಾಸನೆ.
ನನಗಿಂತ ಮುಂಚೆ ಅದನ್ನು ಯಾರೂ ನೋಡಿರಲಿಲ್ಲ.
ಅಂಚೆ ಹಂಚಲು ತಡವಾಗಿ ಹೋದೆ. ಯಾರೂ ಬೈಯಲಿಲ್ಲ,
ಚೀಲದಲ್ಲಿದ್ದದ್ದು ಬರೀ ಕರೆಂಟ್ ಬಿಲ್ಲು.

ಒಂದು ಮಾತ್ರ ಒಡೆಯಲಿಲ್ಲ.
ಕೊಂಬೆ ಕವಲಾದ ಜಾಗದ್ದು, ಮೂರು ಗಿಣ್ಣಿನದು,
ಎಳೆಗಳು ಒಳಗೊಳಗೇ ಜಡೆ ಹೆಣೆದುಕೊಂಡಿದ್ದವು.
ಮೂರು ದಿನ ಹೊಡೆದೆ. ಬೈದೆ.
ಕೊಡಲಿ ಸಿಕ್ಕಿಕೊಂಡಿತು, ಒದ್ದು ಬಿಡಿಸಿದೆ.
ನಾಲ್ಕನೆಯ ದಿನ ಮಗುಚಿ ನಿಲ್ಲಿಸಿ
ಉಳಿದದ್ದನ್ನೆಲ್ಲ ಅದರ ಮೇಲಿಟ್ಟು ಸೀಳಿದೆ.

ಮಾರ್ಚಿನಲ್ಲಿ ಎಂಡೆಲ್ ಬಂದ, ಮೀನುಬಲೆಗೆ.
ತೊಗಟೆ ಮೇಲಾಗಿ ಒಟ್ಟಿದ ಸಾಲನ್ನು
ಈ ತುದಿಯಿಂದ ಆ ತುದಿಗೆ ನೋಡಿದ.
ತನ್ನ ಕೊಡಲಿಯ ಕಾವು ಮುರಿಯಿತು, ಅಂದ.
ಬಣ್ಣ ಚೆನ್ನಾಗಿತ್ತು, ಅಂದೆ.
ಶೆಡ್ಡಿನಿಂದ ಬಲೆ ತರುವಷ್ಟರಲ್ಲಿ
ಒಡೆಯದ ಆ ಕೊರಡಿನ ಮೇಲೆ ಕೂತಿದ್ದ,
ಮೊದಲಿನಿಂದಲೂ ಅಲ್ಲೇ ಕೂತವನ ಹಾಗೆ.

ಏಳು, ಅಂದೆ.
ಕೆಲಸವಿದೆ.