ಕರ್ತೃವಿಲ್ಲದ ವಾಕ್ಯ

ಹ್ಯಾಲಿಫ್ಯಾಕ್ಸಿನಿಂದ ಕೇಪ್ ಬ್ರೆಟನ್ನಿನ ನಮ್ಮ ಶಾಲೆಗೆ ಬಂದ ಮಿಸ್ ಕ್ರೋಸ್ಬಿ
ಬೋರ್ಡಿನ ಮೇಲೆ ಬರೆದದ್ದು ಒಂದೇ ಪದ: ಬ್ರೂಟ್.
ಕ್ರಿಯಾಪದ. ಸುದ್ದಿ ಹಬ್ಬಿಸು, ಗುಲ್ಲೆಬ್ಬಿಸು.
ಬರೆಯುವಾಗ ನಡುವೆ ಒಂದು 'ಐ' ಉಂಟು,
ಓದುವಾಗ ಅದು ಬಾಯಿ ಬಿಡುವುದಿಲ್ಲ.

ನಾವು ಕಿಸಕ್ಕನೆ ನಕ್ಕೆವು.
ಫ್ರೆಂಚಾಡುವ ನಮ್ಮ ಮನೆಗಳಲ್ಲಿ ಅದು ಬ್ರುಯೀ, ಬರೀ ಸದ್ದು:
ಬೋಗುಣಿ ಬಿದ್ದರೆ, ಅಜ್ಜ ಗೊರಕೆ ಹೊಡೆದರೆ,
ಮಾರ್ಚಿಯಲ್ಲಿ ಕೊಲ್ಲಿಯ ಹಿಮಗಡ್ಡೆ ಬಿರಿದರೆ.
ಇಂಗ್ಲಿಷಿನವರು ಒಯ್ದು ಅದಕ್ಕೆ ಕಾಲು ಬರಿಸಿದ್ದರು.
"ಒಂಟಿಯಾಗಿ ಓಡಾಡುವುದಿಲ್ಲ ಇದು," ಅಂದರು ಮಿಸ್,
"ಬೆನ್ನಿಗೊಂದು 'ಅಬೌಟ್' ಬೇಕು: ಅಲ್ಲಿ, ಇಲ್ಲಿ, ಸುತ್ತಮುತ್ತ.
ಹೆಚ್ಚಾಗಿ ಕರ್ಮಣಿ ಪ್ರಯೋಗ. ಎಲ್ಲಿ, ಒಂದು ವಾಕ್ಯ ಮಾಡಿ."

ಕೊನೆಯ ಬೆಂಚಿನಿಂದ ಎವರಿಸ್ತ್ ಎದ್ದ.
ಎಂದೂ ಕೈಯೆತ್ತದವನು; ಅಂಗಿಗೆ ಲಾಬ್ಸ್ಟರ್ ಬೋನಿನ ವಾಸನೆ.
"ನನ್ನ ಅಪ್ಪ ವಿಮೆಯ ಹಣಕ್ಕಾಗಿ
ತನ್ನ ದೋಣಿಯನ್ನು ತಾನೇ ಮುಳುಗಿಸಿದನೆಂದು
ಊರಲ್ಲೆಲ್ಲ ಗುಲ್ಲೆಬ್ಬಿಸಲಾಗಿತ್ತು."

ಒಲೆಯಲ್ಲಿ ಸೌದೆ ಚಟ್ಟೆಂದದ್ದು ಕೇಳಿಸಿತು.
ಮಿಸ್ ಸೀಮೆಸುಣ್ಣ ಕೆಳಗಿಟ್ಟು, ಮತ್ತೆ ಎತ್ತಿಕೊಂಡು,
"ವ್ಯಾಕರಣ ಸರಿಯಿದೆ," ಅಂದರು.
"ಯಾರು ಎಬ್ಬಿಸಿದ್ದು?" ಕೇಳಿದ ಮುಂದಿನ ಸಾಲಿನ ಪ್ಲಾಸಿಡ್.
"ವಾಕ್ಯದಲ್ಲಿ ಅವರಿಲ್ಲ," ಅಂದು ಎವರಿಸ್ತ್ ಕೂತ.

ಇದ್ದರು.
ಸಹಕಾರಿ ಅಂಗಡಿಯಲ್ಲಿ ಹಿಟ್ಟು ತೂಗುತ್ತಾ
ತಕ್ಕಡಿಯ ಮುಳ್ಳು ನಿಲ್ಲುವ ಮೊದಲೇ ಮುಂದಕ್ಕೆ ಬಾಗಿ
"ಮುಳುಗಿಸಿದನಂತೆ" ಎಂದವಳು ನನ್ನಮ್ಮ.
ಒಂದೇ ಒಂದು ಅಂತೆ.
ಸಂಜೆಗೆ ಅದು ಬಂದರಿನಲ್ಲಿತ್ತು,
ಭಾನುವಾರ ಚರ್ಚಿನ ಮೆಟ್ಟಿಲಲ್ಲಿ,
ತಿಂಗಳೊಳಗೆ ವಿಮೆ ಕಂಪನಿಯ ಫೈಲಿನಲ್ಲಿ.
ಕರ್ತೃ ಜಾರಿಕೊಂಡಿತು.
ಕರ್ಮ ಉಳಿಯಿತು, ಎವರಿಸ್ತನ ಮನೆಯಲ್ಲಿ.

ಅಮ್ಮ ಕೆಟ್ಟವಳಲ್ಲ. ತೂಕದಲ್ಲಿ
ಒಂದು ಔನ್ಸು ಮೋಸ ಮಾಡಿದವಳಲ್ಲ.

ನಲವತ್ತೊಂದು ವರ್ಷ. ನಾನೀಗ ಕ್ಲಿನಿಕ್ಕಿನ ನರ್ಸ್.
ಕತ್ತಿನ ರಕ್ತನಾಳ ಕಿರಿದಾದಾಗ ಏಳುವ ಸದ್ದಿಗೆ
ವೈದ್ಯರು ಇಟ್ಟಿರುವುದೂ ಅದೇ ಹೆಸರು,
ಈ ಸಲ ನಮ್ಮವರ ಉಚ್ಚಾರಣೆಯಲ್ಲಿ.

"ಉಸಿರು ಬಿಗಿಹಿಡಿ, ಎವರಿಸ್ತ್."
ಹಿಡಿದ.
ಕೊಳವೆಯೊಳಗೆ ಹುಶ್, ಹುಶ್,
ಇಕ್ಕಟ್ಟು ಓಣಿಯಲ್ಲಿ ನುಗ್ಗುವ ರಕ್ತ.
ಅಗಲವಿದ್ದಲ್ಲಿ ಅದು ಸುಮ್ಮನೆ ಹರಿದುಹೋಗುತ್ತದೆ.

ನನಗೆ ಸಿಕ್ಕಿದ್ದು ಅವನ ಉಸಿರಿನಷ್ಟೇ ಹೊತ್ತು.
ಕರ್ತರಿ ಪ್ರಯೋಗ, ಮೂರೇ ಪದ:
ನನ್ನಮ್ಮ ಗುಲ್ಲು ಎಬ್ಬಿಸಿದಳು.
ನಡುವಿನ 'ಐ' ಬಾಯಿ ಬಿಡಲಿಲ್ಲ.

"ಏನು ಕೇಳಿಸಿತು?"
"ಬ್ರುಯೀ," ಅಂದೆ.
"ಅವರದೋ, ನಮ್ಮದೋ?" ಎಂದು ನಗುತ್ತಾ
ಕಾಲರಿನ ಗುಂಡಿ ಹಾಕಿಕೊಂಡ.
ನಾನಿನ್ನೂ ಕಿವಿಯಿಂದ ಕೊಳವೆ ತೆಗೆದಿರಲಿಲ್ಲ.